ಕುದೂರಿನಲ್ಲಿ ಕೆಳಗಿಟ್ಟ ಪೆನ್ಸಿಲು

ಬೆಂಗಳೂರಿನಿಂದ ಕುದೂರಿಗೆ ಎರಡು ದಾರಿಗಳಿವೆ. ನೆಲಮಂಗಲ, ಸೋಲೂರಿನ ಕಡೆಯಿಂದ ಬರುವುದು ಒಂದು. ತಾವರೆಕೆರೆ ದಾಟಿ ಮಾಗಡಿಯ ಮೇಲೆ ಬರುವುದು ಇನ್ನೊಂದು. ಮೊದಲನೆಯದು ಹೆದ್ದಾರಿ, ಬೇಗ ಮುಟ್ಟಿಸುತ್ತದೆ. ಅವಸರವಿಲ್ಲದವರು ಎರಡನೆಯದನ್ನು ಹಿಡಿಯುವುದು ಒಳ್ಳೆಯದು. ಮಾಗಡಿ ಹತ್ತಿರವಾಗುತ್ತಿದ್ದಂತೆ ಎಡಗಡೆ ಸಾವನದುರ್ಗದ ಹೆಬ್ಬಂಡೆ ಎದ್ದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಎತ್ತ ತಿರುಗಿದರೂ ಕಲ್ಲೇ. ಗುಡ್ಡವೂ ಕಲ್ಲು, ಹೊಲದ ಬದುವೂ ಕಲ್ಲು, ಬೇಲಿಯ ಕಂಬವೂ ಕಲ್ಲು. ಆ ಕಲ್ಲುಗಳ ಸಂದಿನಲ್ಲೇ ರಾಗಿ, ಅವರೆ, ಹಿಪ್ಪುನೇರಳೆ, ಮಾವು, ತೆಂಗು. ಚಳಿಗಾಲದಲ್ಲಿ ಹೋದರೆ ಬಸ್ಸಿನ ಕಿಟಕಿಯಿಂದಲೇ ಅವರೆಕಾಯಿಯ ಸೊಗಡು ಮೂಗಿಗೆ ಬಡಿಯುತ್ತದೆ. ಮಾಗಡಿ ಅವರೆಕಾಯಿ ಎಂದರೆ ಬೆಂಗಳೂರಿನ ಗೃಹಿಣಿಯರು ಬೆಲೆ ಕೇಳದೆ ಚೀಲ ಒಡ್ಡುತ್ತಿದ್ದ ಕಾಲವೊಂದಿತ್ತು.

ಮಾಗಡಿಯ ಕೋಟೆ, ಸೋಮೇಶ್ವರನ ಗುಡಿ, ತಿರುಮಲೆಯ ರಂಗನಾಥಸ್ವಾಮಿ, ಇವು ಎಲ್ಲರಿಗೂ ಗೊತ್ತು. 1638ರಲ್ಲಿ ಬಿಜಾಪುರದ ಸೈನ್ಯ ಬೆಂಗಳೂರನ್ನು ಹಿಡಿದಾಗ ಇಮ್ಮಡಿ ಕೆಂಪೇಗೌಡ ಊರು ಬಿಟ್ಟು ಬಂದು ನೆಲೆ ನಿಂತದ್ದು ಈ ಮಾಗಡಿಯಲ್ಲಿ. ಬೆಂಗಳೂರನ್ನು ಬಿಟ್ಟು ಈ ದಿಕ್ಕಿಗೆ ಬರುವವರಿಗೆ ಹಳೆಯ ಪೂರ್ವಿಕರೊಬ್ಬರು ಇದ್ದಾರೆಂದಾಯಿತು. ಮಾಗಡಿಯಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಕುದೂರು. 2007ರವರೆಗೆ ಇದು ಬೆಂಗಳೂರು ಗ್ರಾಮಾಂತರ ಜಿಲ್ಲೆ. ಆಮೇಲೆ ರಾಮನಗರ ಜಿಲ್ಲೆ. 2025ರಲ್ಲಿ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಜಿಲ್ಲೆಯ ಬೋರ್ಡು ಎಷ್ಟು ಸಲ ಬದಲಾದರೂ ಕುದೂರಿನವರು ವಿಳಾಸ ಹೇಳುವಾಗ 'ಮಾಗಡಿ ತಾಲ್ಲೂಕು' ಎಂದು ಹೇಳಿ ಮುಗಿಸುತ್ತಾರೆ.

ಹೋಬಳಿ ಕೇಂದ್ರ ಹೇಗಿರಬೇಕೋ ಹಾಗಿದೆ ಊರು. ಬಸ್ಸಿಳಿದರೆ ಬೇಕರಿ, ಗೊಬ್ಬರದ ಅಂಗಡಿ, ಜೆರಾಕ್ಸು, ತಟ್ಟೆ ಇಡ್ಲಿಯ ಹೋಟೆಲು. ಊರಿನ ಬೆನ್ನಿಗೆ ಭೈರವನದುರ್ಗ. ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ದೇವರಾಯನದುರ್ಗ, ಮಾಕಳಿದುರ್ಗ ಎಂದೆಲ್ಲ ಎಣಿಸುವ ನವದುರ್ಗಗಳಲ್ಲಿ ಇದೂ ಒಂದು. ಸಾವನದುರ್ಗಕ್ಕೆ ಭಾನುವಾರ ಜನಜಾತ್ರೆ. ಇಲ್ಲಿಗೆ ಬರುವವರು ಕಡಿಮೆ. ಕಡಿದಾದ ಬಂಡೆ, ಮೇಲೆ ಕೋಟೆಗೋಡೆಯ ಪಳೆಯುಳಿಕೆ, ಬಿಸಿಲೇರುವ ಮೊದಲೇ ಹತ್ತಿ ಇಳಿಯಬೇಕಾದ ಗುಡ್ಡ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಹುಟ್ಟಿದ ವೀರಾಪುರವೂ ಇದೇ ತಾಲ್ಲೂಕಿನದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಆ ಹುಡುಗನ ಹೆಗಲಿಗೆ 1930ರಲ್ಲಿ ಮಠದ ಹೊಣೆ ಬಿತ್ತು. ಕಾಲೇಜು ಅಲ್ಲಿಗೇ ನಿಂತಿತು. ಈ ಮಾತನ್ನು ನಮ್ಮ ವಿದ್ಯಾರ್ಥಿಗಳು ತಮಗೆ ಬೇಕಾದಂತೆ ತಿರುಚಿಕೊಳ್ಳುವ ಅಪಾಯವಿದೆ; ಹಾಗೆ ತಿರುಚುವ ಮೊದಲು ಆ ಮಠದಲ್ಲಿ ಎಷ್ಟು ಸಾವಿರ ಮಕ್ಕಳು ಊಟ ಮಾಡಿ ಓದಿದ್ದಾರೆಂದು ಒಮ್ಮೆ ಲೆಕ್ಕ ಹಾಕಲಿ.

ನಾನು ಈ ಸಲ ಕುದೂರಿಗೆ ಹೋದದ್ದು ಬೆಟ್ಟ ಹತ್ತಲಿಕ್ಕಲ್ಲ. ನನ್ನೊಡನೆ ಪಾಠ ಮಾಡಿ ನಿವೃತ್ತರಾದ ಗಣಿತದ ಮೇಷ್ಟ್ರೊಬ್ಬರ ಮನೆ ಕುದೂರಿನ ಹತ್ತಿರ. ಒಂದು ರಾತ್ರಿ ಫೋನು ಮಾಡಿದರು. "ಮೇಷ್ಟ್ರೇ, ಮಗಳು ಕೆಲಸ ಬಿಟ್ಟು ಬಂದು ಕೂತವಳೆ. ನನ್ನ ಮಾತು ಕೇಳಲ್ಲ. ನೀವೊಂದ್ಸಲ ಬಂದು ಬುದ್ಧಿ ಹೇಳಿ" ಎಂದರು. ಗಣಿತದವರು ಹೆಚ್ಚು ಮಾತಾಡುವವರಲ್ಲ. ಅಷ್ಟು ಹೇಳುವಾಗಲೇ ಅವರ ಗಂಟಲು ಕಟ್ಟಿತ್ತು. ಹುಡುಗಿಯ ಹೆಸರು ಇಲ್ಲಿ ಬೇಡ. ಬರೆಯುತ್ತೇನೆಂದಾಗ ಅವಳು ಹಾಕಿದ ಷರತ್ತು ಅದೊಂದೇ.

ಅವಳ ಚಿತ್ರಕಲೆಯ ಕಥೆ ನನಗೆ ಮೊದಲಿನಿಂದ ಗೊತ್ತು. ಐದನೆಯ ವಯಸ್ಸಿಗೇ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಎತ್ತು ಬರೆದವಳು. ಶಾಲೆಯ ಪ್ರತಿಭಾ ಕಾರಂಜಿಯಲ್ಲಿ ಬಹುಮಾನ, ತಾಲ್ಲೂಕಿನಲ್ಲಿ ಬಹುಮಾನ, ಜಿಲ್ಲೆಯಲ್ಲಿ ಬಹುಮಾನ. ಮೇಷ್ಟ್ರು ಒಂದೊಂದು ಕಾಗದವನ್ನೂ ಟ್ರಂಕಿನಲ್ಲಿ ಜೋಡಿಸಿಟ್ಟಿದ್ದಾರೆ, ಹಿಂದೆ ತಾರೀಖು ಬರೆದು. ಪಿಯುಸಿ ಮುಗಿದಾಗ ನೆಂಟರೆಲ್ಲ ಎಂಜಿನಿಯರಿಂಗು ಎಂದರು. ಮೇಷ್ಟ್ರು ಒಪ್ಪಲಿಲ್ಲ. ಬ್ಯಾಂಕಿನಲ್ಲಿ ಸಾಲ ತೆಗೆದು ಬೆಂಗಳೂರಿನ ಚಿತ್ರಕಲಾ ಕಾಲೇಜಿಗೆ ಸೇರಿಸಿದರು. ಹಳ್ಳಿಯ ಮೇಷ್ಟ್ರೊಬ್ಬರು ಹೆಣ್ಣುಮಗಳನ್ನು ಸಾಲ ಮಾಡಿ ಚಿತ್ರ ಬರೆಯಲು ಕಳಿಸುವುದು ಸಣ್ಣ ಧೈರ್ಯವಲ್ಲ. ಅವಳು ಕೆಲಸ ಬಿಟ್ಟಳೆಂಬುದಕ್ಕಿಂತ ತನ್ನ ಆ ಧೈರ್ಯಕ್ಕೆ ಬೆಲೆ ಇಲ್ಲವಾಯಿತಲ್ಲ ಎಂಬ ನೋವು ಅವರಿಗೆ ಹೆಚ್ಚಿತ್ತೆಂದು ನನ್ನ ಎಣಿಕೆ.

ಕಾಲೇಜು ಮುಗಿದ ಮೇಲೆ ಅವಳಿಗೆ ಸಿಕ್ಕಿದ ಕೆಲಸ ಸಿನಿಮಾದ್ದು. ಸಿನಿಮಾ ಎಂದ ಕೂಡಲೇ ಮನೆಯವರೆಲ್ಲ ಹಿಗ್ಗಿದರು. ಅದು ಏನು ಕೆಲಸವೆಂದು ಯಾರೂ ಕೇಳಿರಲಿಲ್ಲ. ಅದರ ಹೆಸರು ರೋಟೋ. ತೆರೆಯ ಮೇಲೆ ನಾಯಕ ಬೆಂಕಿಯ ಮುಂದೆ ಓಡುತ್ತಾನೆ. ಚಿತ್ರೀಕರಣದ ದಿನ ಬೆಂಕಿ ಇರಲಿಲ್ಲ, ಅದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸಿದ್ದು. ಹಾಗೆ ಸೇರಿಸಬೇಕಾದರೆ ನಾಯಕನನ್ನು ಹಿನ್ನೆಲೆಯಿಂದ ಕತ್ತರಿಸಿ ತೆಗೆಯಬೇಕು. ಸಿನಿಮಾ ಎಂದರೆ ಒಂದು ಸೆಕೆಂಡಿಗೆ 24 ಚಿತ್ರ. ಐದು ಸೆಕೆಂಡಿನ ಓಟಕ್ಕೆ 120 ಚಿತ್ರ, ಒಂದು ನಿಮಿಷಕ್ಕೆ 1,440. ಆ ಚಿತ್ರಗಳುದ್ದಕ್ಕೂ ಮನುಷ್ಯನ ಸುತ್ತ ಗೆರೆ ಎಳೆಯುತ್ತ, ತಿದ್ದುತ್ತ ಹೋಗಬೇಕು. ಬೆರಳು ಬೇರೆ, ತೋಳು ಬೇರೆ, ಗಾಳಿಗೆ ಹಾರುವ ಕೂದಲು ಬೇರೆ. ಗೆರೆ ಒಂದಿಷ್ಟು ಅಲುಗಿದರೂ ತೆರೆಯ ಮೇಲೆ ಅಂಚು ನಡುಗುತ್ತದೆ, ವಾಪಸು ಬರುತ್ತದೆ. ಹಾಲಿವುಡ್ಡಿನ ಎಷ್ಟೋ ಸಿನಿಮಾಗಳ ಈ ಕೆಲಸ ಬೆಂಗಳೂರು, ಮುಂಬಯಿ, ಚೆನ್ನೈ, ಹೈದರಾಬಾದುಗಳ ಹವಾನಿಯಂತ್ರಿತ ಕೋಣೆಗಳಲ್ಲಿ ನಡೆಯುತ್ತದೆ. ಚೆನ್ನಾಗಿ ಮಾಡಿದ ರೋಟೋ ಎಂದರೆ ಯಾರ ಕಣ್ಣಿಗೂ ಬೀಳದ ರೋಟೋ.

ಏಳು ವರ್ಷ ಅವಳು ಇದನ್ನು ಮಾಡಿದಳು. ಒಳ್ಳೆಯ ಸಂಬಳ. ಯಾವ ಕಂಪನಿ ಎಂಬುದು ಇಲ್ಲಿ ಮುಖ್ಯವಲ್ಲ. ಅವಳು ಕಂಪನಿಯನ್ನು ಬೈಯಲೂ ಇಲ್ಲ. "ಬೈಯೋಕೆ ಏನಾದ್ರೂ ಇದ್ದಿದ್ರೆ ಸುಲಭ ಆಗ್ತಿತ್ತು ಮಾಮ" ಎಂದಳು.

ಈ ಮಾತು ಬಂದದ್ದು ಹುಲಿಕಲ್ಲಿನ ದಾರಿಯಲ್ಲಿ. ಮನೆಯಲ್ಲಿ ಅಪ್ಪನ ಎದುರು ಅವಳು ಬಾಯಿ ಬಿಡುವಂತಿರಲಿಲ್ಲ. ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ, "ಮಾಮ, ತಿಮ್ಮಕ್ಕನ ಮರ ನೋಡ್ಕೊಂಡು ಬರೋಣ ಬನ್ನಿ" ಎಂದಳು. ಮೇಷ್ಟ್ರು ನನ್ನತ್ತ ನೋಡಿ ತಲೆಯಾಡಿಸಿದರು. ಬುದ್ಧಿ ಹೇಳುವ ಸಮಯ ಬಂತು ಎಂದರ್ಥ.

ಕುದೂರಿನಿಂದ ಹುಲಿಕಲ್ಲಿಗೆ ನಾಲ್ಕು ಕಿಲೋಮೀಟರಿನಷ್ಟು ದಾರಿ. ಈ ದಾರಿಯ ಆಲದ ಮರಗಳನ್ನು ನೆಟ್ಟವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ. ತಿಮ್ಮಕ್ಕ ಗುಬ್ಬಿ ತಾಲ್ಲೂಕಿನಿಂದ ಹುಲಿಕಲ್ಲಿಗೆ ಸೊಸೆಯಾಗಿ ಬಂದವರು. ಶಾಲೆಯ ಮುಖ ಕಂಡವರಲ್ಲ. ಕೂಲಿ ಮಾಡಿ ಬದುಕಿದವರು. ಮಕ್ಕಳಾಗಲಿಲ್ಲ. ಮೊದಲ ವರ್ಷ ಹತ್ತು ಸಸಿ, ಮರುವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು, ಹೀಗೆ ನೆಟ್ಟುಕೊಂಡು ಹೋದರು. ಮಳೆ ಹಿಡಿಯುವ ಕಾಲ ನೋಡಿ ನೆಡುವುದು, ಮುಳ್ಳಿನ ಬೇಲಿ ಕಟ್ಟುವುದು, ಬೇಸಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಹಾಕುವುದು. ಒಟ್ಟು 385 ಮರಗಳೆಂದು ಲೆಕ್ಕ. ಚಿಕ್ಕಯ್ಯ 1991ರಲ್ಲಿ ಹೋದರು. 2019ರಲ್ಲಿ ತಿಮ್ಮಕ್ಕನಿಗೆ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಯೋಜನೆ ಬಂದು ಈ ಮರಗಳಿಗೇ ಕುತ್ತು ಎದುರಾಯಿತು; ತಿಮ್ಮಕ್ಕ ಸರ್ಕಾರವನ್ನು ಕೇಳಿಕೊಂಡು ತಪ್ಪಿಸಬೇಕಾಯಿತು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ವಯಸ್ಸು 114 ಎಂದು ಪತ್ರಿಕೆಗಳು ಬರೆದವು.

ನಾವು ನಡೆದಾಗ ಸಂಜೆಯ ನಾಲ್ಕೂವರೆ. ಎರಡೂ ಬದಿಯ ಕೊಂಬೆಗಳು ಮೇಲೆ ಹೆಣೆದುಕೊಂಡು ರಸ್ತೆಯ ತುಂಬ ನೆರಳು. ಸ್ಕೂಲು ಬಿಟ್ಟ ಹುಡುಗರು ಸೈಕಲ್ಲಿನಲ್ಲಿ ಬಿಳಲು ಹಿಡಿಯಲು ಕೈಯೆತ್ತುತ್ತ ಹೋಗುತ್ತಿದ್ದರು. ಮೇವಿನ ಹೊರೆ ಹೊತ್ತ ಟ್ರ್ಯಾಕ್ಟರೊಂದು ಬಂದಾಗ ಪಕ್ಕಕ್ಕೆ ಸರಿದು ಒಂದು ಬುಡಕ್ಕೆ ಒರಗಿ ನಿಂತೆವು. ಈ ದಾರಿಗೆ ಬಂದವರೆಲ್ಲ ತಿಮ್ಮಕ್ಕನಿಂದ ಒಂದು ಪಾಠ ಕಲಿತು ಹೋಗುವುದು ವಾಡಿಕೆ. ನನ್ನ ಬಾಯಿಗೂ ಅದೇ ಬಂತು. "ನೋಡಮ್ಮ, ದಿನಾ ನೀರು ಹೊರೋದು ಬೇಜಾರಿನ ಕೆಲಸ ಅಲ್ವಾ? ಬೇಜಾರಾಯ್ತು ಅಂತ ಅವರು ಬಿಟ್ಟಿದ್ರೆ ಈ ನೆರಳು ಇರ್ತಿತ್ತಾ?" ಎಂದೆ.

ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ, "ಅವರು ಖುಷಿಗೋಸ್ಕರ ಶುರು ಮಾಡಿದ್ದಲ್ಲ ಮಾಮ. ಮಕ್ಕಳಿಲ್ಲ ಅನ್ನೋ ಸಂಕಟಕ್ಕೆ ಶುರು ಮಾಡಿದ್ದು. ಆದ್ರೆ ನೀರು ಹಾಕಿದ ಗಿಡ ಮಾರನೇ ವರ್ಷ ಒಂದು ಗೇಣು ಮೇಲಕ್ಕೆ ಬಂದಿರೋದು ಕಣ್ಣಿಗೆ ಕಾಣ್ತಿತ್ತು. ನಾನು ಎಳೆದ ಗೆರೆ ಎಲ್ಲಿದೆ ತೋರಿಸಿ ಅಂದ್ರೆ ನಂಗೇ ತೋರ್ಸೋಕಾಗಲ್ಲ" ಎಂದಳು.

ಆಮೇಲೆ ಅವಳೇ ಹೇಳಿಕೊಂಡು ಹೋದಳು. ಮೊದಲ ಎರಡು ವರ್ಷ ಭಾನುವಾರ ತನ್ನ ಚಿತ್ರ ತಾನು ಬರೆದುಕೊಳ್ಳುತ್ತಿದ್ದಳು. ಮೂರನೆಯ ವರ್ಷ ಭಾನುವಾರ ನಿದ್ದೆಗೆ ಹೋಯಿತು. ಅದು ಸುಸ್ತು, ಯಾರಿಗಾದರೂ ಆಗುವುದೇ. ಐದನೆಯ ವರ್ಷ ಬೇರೆಯದೊಂದು ಆಯಿತು. ಹಬ್ಬಕ್ಕೆ ಊರಿಗೆ ಬಂದಿದ್ದಾಗ ಬೆಳಿಗ್ಗೆ ಎದ್ದು ಹಿತ್ತಿಲಲ್ಲಿ ನಿಂತಿದ್ದಾಳೆ. ಎದುರಿಗೆ ಭೈರವನದುರ್ಗ. ಚಿಕ್ಕಂದಿನಿಂದ ನೂರು ಸಲ ಬರೆದ ಬೆಟ್ಟ. ಬೆಳಗಿನ ಬಿಸಿಲಿಗೆ ಬಂಡೆ ಕೆಂಪಾಗುವುದು, ಮೋಡ ಬಂದಾಗ ಆನೆಯ ಚರ್ಮದ ಬಣ್ಣಕ್ಕೆ ತಿರುಗುವುದು, ಮಳೆ ನೀರು ಇಳಿದ ಕಡೆ ಕಪ್ಪು ಪಟ್ಟೆ, ಎಲ್ಲವೂ ಕಣ್ಣಿಗೆ ಗೊತ್ತು. ಆ ದಿನ ಅವಳಿಗೆ ಬೆಟ್ಟದ ಅಂಚು ಮಾತ್ರ ಕಂಡಿತಂತೆ. "ಇಲ್ಲಿಂದ ಇಲ್ಲಿಗೆ ಎಷ್ಟು ಪಾಯಿಂಟ್ ಹಾಕಬೇಕು ಅಂತ ಲೆಕ್ಕ ಹಾಕ್ತಾ ನಿಂತಿದ್ದೀನಿ ಮಾಮ. ಒಳಗಡೆ ಬೆಟ್ಟಾನೇ ಇಲ್ಲ" ಎಂದಳು.

ಎರಡು ತಿಂಗಳು ರಜೆ ಹಾಕಿ ನೋಡಿದಳು. ಪೆನ್ಸಿಲು ಹಿಡಿಯಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ಬಿಟ್ಟುಬಿಡೋಣವೆಂದು ಆಗಲೇ ನಿಶ್ಚಯವಾಗಿತ್ತು. ಆದರೆ ಬಿಡಲಿಲ್ಲ. ಬ್ಯಾಂಕಿನ ಸಾಲ ಇನ್ನೂ ಇತ್ತು. ಮತ್ತೆ ಹೋಗಿ ಎರಡು ವರ್ಷ ಗೆರೆ ಎಳೆದಳು. ಕೊನೆಯ ಕಂತು ಕಟ್ಟಿ, ಬ್ಯಾಂಕಿನಿಂದ ಸಾಲ ತೀರಿದ ಪತ್ರ ತಂದು ಅಪ್ಪನ ಕೈಗೆ ಕೊಟ್ಟ ಮರುತಿಂಗಳು ರಾಜೀನಾಮೆ ಕೊಟ್ಟಳು. ಈ ಲೆಕ್ಕವನ್ನು ಮೇಷ್ಟ್ರು ನನಗೆ ಫೋನಿನಲ್ಲಿ ಹೇಳಿರಲಿಲ್ಲ. ಅವರಿಗೆ ಹೊಳೆದಿರಲಿಕ್ಕಿಲ್ಲ.

ನಾನು ಇಲ್ಲಿ ತಂದೆ ತಾಯಿಗಳಿಗೆ ಒಂದು ಮಾತು ಹೇಳಬೇಕು. ಮಕ್ಕಳು 'ಬೇಜಾರು' ಎಂದಾಗ ನಾವು ಎರಡು ಬೇರೆ ಕಾಯಿಲೆಗಳಿಗೆ ಒಂದೇ ಮಾತ್ರೆ ಕೊಡುತ್ತೇವೆ. ದಣಿವಿನ ಬೇಜಾರು ಒಂದಿದೆ. ನಿದ್ದೆ, ರಜೆ, ಅಮ್ಮನ ಅಡುಗೆ, ಹೊಸ ಕೆಲಸದ ಜಾಗ, ಇದರಲ್ಲಿ ಯಾವುದಾದರೊಂದಕ್ಕೆ ಅದು ಬಗ್ಗುತ್ತದೆ. ಅದಕ್ಕೆ ಕೆಲಸ ಬಿಡುವುದು ತಲೆನೋವಿಗೆ ತಲೆ ಕತ್ತರಿಸಿದ ಹಾಗೆ. ಇನ್ನೊಂದು ಬೇಜಾರಿನಲ್ಲಿ ಕೆಲಸ ಸಲೀಸಾಗಿಯೇ ನಡೆಯುತ್ತಿರುತ್ತದೆ, ಕೈ ಪಳಗಿರುತ್ತದೆ, ಸಂಬಳವೂ ಏರುತ್ತಿರುತ್ತದೆ. ಮೊದಲು ಯಾವುದರ ಮೇಲಿನ ಪ್ರೀತಿಗೆ ಅಲ್ಲಿಗೆ ಹೋದರೋ ಅದು ಮಾತ್ರ ಕಾಣೆಯಾಗಿರುತ್ತದೆ. ಲೆಕ್ಕ ಬರೆಯುವವನಿಗೆ ಲೆಕ್ಕದ ಮೇಲೆ ಪ್ರೀತಿ ಹೋದರೆ ಜೀವನವೇನೂ ಮುಳುಗುವುದಿಲ್ಲ, ಸಂಜೆ ಮನೆಗೆ ಬಂದು ಹಾಡು ಕೇಳುತ್ತಾನೆ. ಚಿತ್ರ ಬರೆಯುವವಳಿಗೆ ಚಿತ್ರದ ಮೇಲೇ ಪ್ರೀತಿ ಹೋದರೆ ಸಂಜೆ ಮನೆಗೆ ಬಂದು ಮಾಡಲು ಏನೂ ಉಳಿದಿರುವುದಿಲ್ಲ. ಇಷ್ಟಪಟ್ಟ ವಿದ್ಯೆಯನ್ನೇ ಹೊಟ್ಟೆಪಾಡಿಗೆ ಹಚ್ಚಿದವರ ಅಪಾಯ ಇದು. 'ನಿನಗೆ ಇಷ್ಟವಾದದ್ದನ್ನೇ ಓದು' ಎಂದು ಹುರಿದುಂಬಿಸುವ ನಾವು ಅದನ್ನು ಹೇಳುವುದಿಲ್ಲ.

ದೊಡ್ಡವರೂ ಬಿಟ್ಟಿದ್ದಾರೆ. ಇಟಲಿಯ ರೊಸ್ಸಿನಿ 39 ಒಪೆರಾಗಳನ್ನು ಬರೆದು, ಯೂರೋಪಿನಲ್ಲೆಲ್ಲ ಹೆಸರಾಗಿದ್ದಾಗ, 1829ರಲ್ಲಿ 'ವಿಲಿಯಂ ಟೆಲ್' ಮುಗಿಸಿ ಒಪೆರಾ ಬರೆಯುವುದನ್ನೇ ನಿಲ್ಲಿಸಿಬಿಟ್ಟ. ಆಗ ಅವನಿಗೆ 37. ಬದುಕಿದ್ದು 1868ರವರೆಗೆ. ಆರೋಗ್ಯ ಕೆಟ್ಟಿತ್ತು, ಹಣ ಸಾಕಷ್ಟಿತ್ತು, ಕಾಲದ ರುಚಿ ಬದಲಾಗಿತ್ತು, ಹೀಗೆ ಪಂಡಿತರು ನೂರು ಕಾರಣ ಕೊಡುತ್ತಾರೆ. ಕೊನೆಗಾಲದಲ್ಲಿ ಮನೆಗೆ ಬರುವ ಸ್ನೇಹಿತರಿಗಾಗಿ ಚಿಕ್ಕ ಚಿಕ್ಕ ರಚನೆಗಳನ್ನು ಮಾಡಿದನಂತೆ, ಯಾವ ನಾಟಕಶಾಲೆಯ ಹಂಗೂ ಇಲ್ಲದೆ.

ನಮ್ಮವರೇ ಆದ ಪೂರ್ಣಚಂದ್ರ ತೇಜಸ್ವಿಯವರದು ಇನ್ನೊಂದು ಬಗೆ. ಹರೆಯದಲ್ಲಿ ಕವಿತೆ ಬರೆದರು. 'ಸೋಮುವಿನ ಸ್ವಗತ ಲಹರಿ' ಪುಸ್ತಕವಾಯಿತು. ನವ್ಯದ ಭರಾಟೆಯಲ್ಲಿ 'ಸ್ವರೂಪ' ಬರೆದರು. ಎಂ.ಎ. ಮಾಡಿದವರು, ಕುವೆಂಪು ಅವರ ಮಗ. ಮೇಷ್ಟರ ಕುರ್ಚಿ ಕಾದಿತ್ತು ಎನ್ನಬಹುದು. ಅವರು ಮೂಡಿಗೆರೆಗೆ ಹೋಗಿ ಕೃಷಿಗೆ ನಿಂತರು. 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಬಂದಾಗ ಅದರ ಮುನ್ನುಡಿಯಲ್ಲಿ ನವ್ಯದ ದಾರಿ ತನಗಿನ್ನು ಸಾಕೆಂದು ಬಹಿರಂಗವಾಗಿಯೇ ಹೇಳಿದರು. ಮೀನು ಹಿಡಿದರು, ಹಕ್ಕಿಯ ಫೋಟೋ ತೆಗೆದರು, ಚಿತ್ರ ಬರೆದರು. 'ಕರ್ವಾಲೊ' ಬಂದದ್ದು 1980ರಲ್ಲಿ. ಆ ತೋಟ, ಆ ಕಾಡು ಇಲ್ಲದಿದ್ದರೆ ಅದು ಬರುತ್ತಿರಲಿಲ್ಲ.

ಇದನ್ನೆಲ್ಲ ನಡೆಯುತ್ತ ಹೇಳಿದೆ, ಹುಡುಗಿಗೆ ಸಮಾಧಾನವಾಗಲಿ ಎಂದು. ಅವಳು ನಕ್ಕಳು. "ಅವರಿಗೆ ಕುವೆಂಪು ಅಪ್ಪ ಇದ್ರು ಮಾಮ. ನಮ್ಗೆ ಬ್ಯಾಂಕ್ ಲೋನ್ ಇತ್ತು. ಬಿಟ್ಟವರೆಲ್ಲ ಕರ್ವಾಲೊ ಬರೀಬೇಕು ಅಂದ್ರೆ ನಾನು ಅಲ್ಲೇ ಇದ್ದು ಗೆರೆ ಎಳೀತಿದ್ದೆ."

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬಿಟ್ಟದ್ದನ್ನು ಕ್ಷಮಿಸಬೇಕಾದರೆ ಮುಂದೆ ಅದಕ್ಕಿಂತ ದೊಡ್ಡದೊಂದನ್ನು ಮಾಡಿ ತೋರಿಸಬೇಕೆಂದು ನಾವು ಷರತ್ತು ಹಾಕುತ್ತೇವಲ್ಲ, ಅದು ಯಾವ ನ್ಯಾಯವೋ ಕಾಣೆ.

ಹುಲಿಕಲ್ಲು ಮುಟ್ಟಿ, ಅಂಗಡಿಯೊಂದರಲ್ಲಿ ಟೀ ಕುಡಿದು ಹಿಂತಿರುಗಿದೆವು. ದಾರಿಯಲ್ಲಿ ಮೇಷ್ಟ್ರ ಇನ್ನೊಂದು ಅನುಮಾನವನ್ನೂ ಕೇಳಿಬಿಟ್ಟೆ. ಈಗೀಗ ಕಂಪ್ಯೂಟರೇ ಅಂಚು ಹುಡುಕಿ ಕತ್ತರಿಸುವಷ್ಟು ಜಾಣನಾಗಿದೆ, ಆ ಹೆದರಿಕೆಗೆ ಬಿಟ್ಟಳೇ ಎಂದು. "ಇಲ್ಲ" ಎಂದಳು. "ಅದು ಪೂರ್ತಿ ಬಂದ್ರೂ ತಿದ್ದೋಕೆ ಜನ ಬೇಕು. ಇನ್ನೊಂದಷ್ಟು ವರ್ಷ ನಡೀತಿತ್ತು. ಅದೇ ನಂಗೆ ಭಯ ಆಗಿದ್ದು."

ಮುಂದೇನು? ಇದು ಎಲ್ಲ ತಂದೆ ತಾಯಿಗಳೂ ಮೊದಲು ಕೇಳುವ ಪ್ರಶ್ನೆ, ಕೇಳಬೇಕಾದ ಪ್ರಶ್ನೆಯೂ ಹೌದು. ಅವಳ ಹತ್ತಿರ ಉತ್ತರ ಒಂದು ನೋಟ್‌ಬುಕ್ಕಿನಲ್ಲಿ ಇತ್ತು. ಉಳಿಸಿದ ಹಣ ಎಷ್ಟು ತಿಂಗಳಿಗೆ ಬರುತ್ತದೆ, ಮನೆಗೆ ಎಷ್ಟು ಕೊಡಬೇಕು, ಒಂದು ಬೆಳೆಗೆ ಖರ್ಚೆಷ್ಟು, ಎಲ್ಲ ಕಾಲಂ ಹಾಕಿ ಬರೆದಿದ್ದಳು. ಗಣಿತದ ಮೇಷ್ಟ್ರ ಮಗಳೆಂಬುದು ಆಗ ಗೊತ್ತಾಯಿತು. ಬೆಳೆ ಎಂದರೆ ರೇಷ್ಮೆ. ಮನೆಗೆ ಒಂದಿಷ್ಟು ಹಿಪ್ಪುನೇರಳೆ ತೋಟವಿದೆ. ತಾಯಿ ಇಷ್ಟು ವರ್ಷ ಒಬ್ಬರೇ ಆಳು ಹಿಡಿದು ಹುಳು ಮೇಯಿಸುತ್ತಿದ್ದರು. ಒಂದು ವರ್ಷ ಅವರ ಜೊತೆ ನಿಂತು ನೋಡುತ್ತೇನೆ, ನಡುವೆ ಪದವೀಧರರು ಬರೆಯಬಹುದಾದ ಸರ್ಕಾರಿ ಪರೀಕ್ಷೆಗಳಿಗೂ ಓದುತ್ತೇನೆ, ವರ್ಷ ಮುಗಿದ ಮೇಲೆ ಲೆಕ್ಕ ನೋಡಿ ತೀರ್ಮಾನ ಎಂದಳು. ರೇಷ್ಮೆಯ ಬಗ್ಗೆ ಅವಳಿಗೆ ಹೊಂಗನಸುಗಳಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಇವತ್ತಿನ ಬೆಲೆ ನಾಳೆಗಿಲ್ಲ. ಹಾಲುತೊಂಡೆ, ಸಪ್ಪೆರೋಗ ಬಂದರೆ ಇಡೀ ಬೆಳೆ ತಿಪ್ಪೆಗೆ. ಆದರೂ ಅವಳು ಹೇಳಿದ ಒಂದು ಮಾತು ನನಗೆ ಹಿಡಿಸಿತು. ಮೊಟ್ಟೆ ಒಡೆದು ಹುಳು ಗೂಡು ಕಟ್ಟುವವರೆಗೆ ಹೆಚ್ಚೆಂದರೆ ನಾಲ್ಕು ವಾರ. ಗೆದ್ದೆವೋ ಸೋತೆವೋ ಅಷ್ಟರಲ್ಲಿ ತಿಳಿದುಬಿಡುತ್ತದೆ.

ಮನೆಗೆ ಬಂದಾಗ ದೀಪ ಹಚ್ಚಿದ್ದರು. ಮೇಷ್ಟ್ರು ಜಗಲಿಯಲ್ಲಿ ಟ್ರಂಕು ತೆರೆದುಕೊಂಡು ಕೂತಿದ್ದರು. ಎತ್ತು, ತೇರು, ಭೈರವನದುರ್ಗ, ಸಂತೆಯ ಮುದುಕಿ. ನನಗೆ ಒಂದೊಂದನ್ನೇ ತೋರಿಸಿದರು. ಮಗಳು ಅಲ್ಲಿ ನಿಲ್ಲದೆ ಹಿತ್ತಿಲಿಗೆ ಹೋದಳು. "ಹೇಳಿದ್ರಾ?" ಎಂದರು ಮೆಲ್ಲಗೆ. "ನಾನು ಹೇಳೋಕಿಂತ ಅವಳೇ ಹೇಳಿದ್ಲು ಮೇಷ್ಟ್ರೇ. ನೀವೊಂದ್ಸಲ ಅವಳ ನೋಟ್‌ಬುಕ್ಕು ಇಸ್ಕೊಂಡು ಲೆಕ್ಕ ನೋಡಿ" ಎಂದೆ. ಸಾಲದ ಕೊನೆಯ ಕಂತಿಗೂ ರಾಜೀನಾಮೆಗೂ ಇದ್ದ ಅಂತರ ಎಷ್ಟೆಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೆರಳು ಮಡಿಸಿ ಎಣಿಸಿದಂತೆ ಕಂಡಿತು. ಟ್ರಂಕಿನ ಮುಚ್ಚಳ ಹಾಕಿ, "ಊಟಕ್ಕೇಳಿ" ಎಂದರು. ಹಿಚುಕಿದವರೆ ಸಾರು, ಮುದ್ದೆ. ಊಟದಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ. ಮೇಷ್ಟ್ರು ಒಮ್ಮೆ ಮಾತ್ರ, ಗೋಡೆ ನೋಡಿಕೊಂಡು, "ಬರಿಯೋದಂತೂ ಪೂರ್ತಿ ನಿಂತೇ ಹೋಗುತ್ತೋ ಏನೋ" ಎಂದರು. ತಾಯಿ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು.

ಊಟವಾದ ಮೇಲೆ ಹುಳುಮನೆ ನೋಡಲು ಹೋದೆವು. ತಟ್ಟೆ ತಟ್ಟೆಯಲ್ಲೂ ಹುಳುಗಳು ತಲೆಯೆತ್ತಿಕೊಂಡು ಅಲುಗಾಡದೆ ನಿಂತಿದ್ದವು. ಸಾಮಾನ್ಯವಾಗಿ ಹುಳುಮನೆಯಲ್ಲಿ ಎಲೆ ಮೇಯುವ ಸರಸರ ಸದ್ದು ಇರುತ್ತದೆ. ಇಲ್ಲಿ ಸದ್ದೇ ಇರಲಿಲ್ಲ. ಜ್ವರಕ್ಕೆ ಕೂತಿವೆ ಎಂದರು ತಾಯಿ. ಹಳೆಯ ಚರ್ಮ ಕಳಚುವ ಮೊದಲು ಹುಳು ಹೀಗೆ ಮೇವು ಬಿಟ್ಟು ನಿಲ್ಲುವುದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ, ಇದು ನಾಲ್ಕನೆಯದು. ಇದು ಕಳೆದ ಮೇಲೆ ಹುಳು ತಿನ್ನುವ ಸೊಪ್ಪೇ ಸೊಪ್ಪು. ಒಟ್ಟು ಮೇವಿನಲ್ಲಿ ಹೆಚ್ಚುಪಾಲು ಹೋಗುವುದು ಕೊನೆಯ ಆ ಏಳೆಂಟು ದಿನದಲ್ಲಿ. ಮೇಷ್ಟ್ರು ಒಂದು ಹಿಡಿ ಸೊಪ್ಪು ಕೈಗೆತ್ತಿಕೊಂಡಿದ್ದರು. "ಹಾಕಬ್ಯಾಡ್ರಿ ಈಗ. ಎಲ್ಲಾ ಎದ್ದ ಮ್ಯಾಲೆ ಹಾಕೋದು" ಎಂದರು ಆಕೆ. ಮೇಷ್ಟ್ರು ಸೊಪ್ಪನ್ನು ಬುಟ್ಟಿಗೆ ಹಾಕಿದರು.

ಬಾಗಿಲ ಪಕ್ಕದ ಗೋಡೆಗೆ ಒಂದು ಕ್ಯಾಲೆಂಡರು, ಅದರ ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ ಪೆನ್ಸಿಲು. ಹುಳು ಜ್ವರಕ್ಕೆ ಕೂತ ಹೊತ್ತು, ಏಳುವ ಹೊತ್ತು, ಕೋಣೆಯ ಉಷ್ಣತೆ, ಹಾಕಿದ ಸೊಪ್ಪಿನ ತೂಕ, ಇವನ್ನು ಬರೆದಿಡಲು. ಮಗಳು ಟಾರ್ಚು ಹಿಡಿದು ಥರ್ಮಾಮೀಟರು ನೋಡಿ, ಪೆನ್ಸಿಲು ಎಳೆದುಕೊಂಡು ಅವತ್ತಿನ ಚೌಕದಲ್ಲಿ ಬರೆದಳು. ಅವಳು ಮುಂದಿನ ಸಾಲಿಗೆ ಹೋದ ಮೇಲೆ ನಾನು ಹತ್ತಿರ ಹೋಗಿ ನೋಡಿದೆ. ಎಲ್ಲಾದರೂ ಮೂಲೆಯಲ್ಲಿ ಒಂದು ಎಲೆಯೋ, ಒಂದು ಹುಳವೋ ಬರೆದಿರಬಹುದೆಂಬ ಆಸೆ. ಪಕ್ಕಕ್ಕೆ ತಿರುಗಿದರೆ ಮೇಷ್ಟ್ರೂ ಕನ್ನಡಕ ಏರಿಸಿಕೊಂಡು ಅದೇ ಮೂಲೆಗಳನ್ನು ನೋಡುತ್ತಿದ್ದರು. ತಿಂಗಳ ಮೂವತ್ತು ಚೌಕಗಳಲ್ಲೂ ಹುಡುಕಿದೆವು. ಅಂಕಿಗಳಷ್ಟೇ ಇದ್ದವು, ದುಂಡಗೆ, ಒಂದರ ಕೆಳಗೊಂದು.